ಸ್ವಸಂತೋಷದಿಂದ

ಕಾನೂನು ಪದವಿಯ ಕೊನೆಯ ಪತ್ರಿಕೆಯನ್ನು ಬರೆದು 2025ರಲ್ಲಿ ಹುಬ್ಬಳ್ಳಿಯಿಂದ ಊರಿಗೆ ಹೊರಟ ದಿನ ನನ್ನ ಕೈಯಲ್ಲಿ ಎರಡು ಚೀಲಗಳಿದ್ದುವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಪುಸ್ತಕ. ಪುಸ್ತಕದ ಚೀಲ ಇರಬೇಕಾದುದಕ್ಕಿಂತ ಹೆಚ್ಚು ಭಾರವಾಗಿತ್ತು. ಮೊದಲ ವರ್ಷ ನಾವು ಉರು ಹೊಡೆದ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿತು. ಕೊಲೆಗೆ 302 ಎಂದು ಕಲಿತವರು 103 ಎಂದು ತಿದ್ದಿಕೊಳ್ಳಬೇಕಾಯಿತು. ಅದಕ್ಕೂ ಹಿಂದಿನ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ ಎರಡನ್ನೂ ಹೊರದೆ ಗತಿಯಿಲ್ಲ. ಮೋಸಗಾರನನ್ನು ತಲೆತಲಾಂತರದಿಂದ 'ಫೋರ್‌ಟ್ವೆಂಟಿ' ಎಂದು ಕರೆಯುತ್ತ ಬಂದ ನಮ್ಮ ಜನ, ಇನ್ನು ಮೇಲೆ 'ಮುನ್ನೂರ ಹದಿನೆಂಟು' ಎಂದು ಕರೆಯುವರೆಂದು ನನಗೇನೂ ತೋರುವುದಿಲ್ಲ.

ಕಲಘಟಗಿಯಲ್ಲಿ ಬಸ್ಸು ಬದಲಿಸಿ ತಂಬೂರಿಗೆ ಬಂದಿಳಿದೆ. ನಮ್ಮ ತಾಲೂಕು ಧಾರವಾಡ ಜಿಲ್ಲೆಯಲ್ಲಿದ್ದರೂ ಅರ್ಧ ಮಲೆನಾಡು. ನವಲಗುಂದದ ಕರಿನೆಲದ ಬಯಲನ್ನು ಕಂಡವರು ನಮ್ಮ ಭತ್ತದ ಗದ್ದೆಗಳನ್ನು ನೋಡಿದರೆ ಬೇರೆ ಸೀಮೆಗೆ ಬಂದೆವೇನೋ ಎಂದುಕೊಳ್ಳುತ್ತಾರೆ. ಬಸವಣ್ಣನ ಗುಡಿಯ ಕಡೆಯಿಂದ ಬರುತ್ತಿದ್ದ ಹಿರಿಯರೊಬ್ಬರು ನಿಂತು ಕೇಳಿದರು:

"ಮುಗೀತೇನವಾ ಸಾಲಿ? ಇನ್ನ ಜಡ್ಜ್ ಆಗೂದೊಂದ ಉಳೀತು!"

ವಕೀಲಿಕೆ ಎಂಬುದು ಜಡ್ಜ್ ಆಗುವ ದಾರಿಯಲ್ಲಿ ಬರುವ ಒಂದು ಬಸ್‌ಸ್ಟಾಪು ಎಂಬ ಭಾವನೆ ನಮ್ಮಲ್ಲಿ ಎಲ್ಲರಿಗೂ ಇದೆ. ಅದಕ್ಕೆ ಕಾರಣಗಳೂ ಇಲ್ಲದಿಲ್ಲ. 2008ರಲ್ಲಿ ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದಿತು. 2013ರಲ್ಲಿ ಅದು ಕಾಯಂ ಪೀಠವಾಯಿತು. 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಹುಟ್ಟಿತು. ಸಂವಿಧಾನದ ತರಗತಿಯಲ್ಲಿ ರಾಷ್ಟ್ರಪತಿ ಆಡಳಿತದ ಮಾತು ಬಂದಾಗ ಓದಲೇಬೇಕಾದ 1994ರ ತೀರ್ಪಿಗೆ ಎಸ್. ಆರ್. ಬೊಮ್ಮಾಯಿಯವರ ಹೆಸರಿದೆ, ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಆರಿಸಿ ಬಂದವರು, ಸ್ವತಃ ಕಾನೂನು ಓದಿದವರು. ಇಷ್ಟೆಲ್ಲ ಕಣ್ಣೆದುರಿಗಿರುವಾಗ ನಮ್ಮೂರ ಹುಡುಗಿಯೊಬ್ಬಳು ಜಡ್ಜ್ ಆಗಲಿ ಎಂದು ಹಿರಿಯರು ಹರಸಿದರೆ ತಪ್ಪೇನು?

ಅಪ್ಪನ ಆಸೆಯೂ ಅದೇ. ಆದರೆ ಆ ವರ್ಷದ ಮೇ 20ರಂದು ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪು ನೀಡಿತ್ತು: ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂಡ್ರುವವರು ಮೊದಲು ಮೂರು ವರ್ಷ ವಕೀಲಿ ಮಾಡಿರಬೇಕು. ನಮ್ಮ ವಸತಿನಿಲಯದಲ್ಲಿ ಆ ಸಂಜೆ ಯಾರಿಗೂ ಊಟ ಸೇರಲಿಲ್ಲ. ತೀರ್ಪಿನ ತರ್ಕ ನನಗೆ ಒಪ್ಪಿಗೆಯಾಯಿತೆಂಬುದನ್ನು ಅಂದು ಗೆಳತಿಯರೆದುರು ಹೇಳುವ ಧೈರ್ಯವಾಗಲಿಲ್ಲ. ಒಂದು ದಿನವೂ ಕೋರ್ಟಿನ ಕಟ್ಟೆ ಹತ್ತದವರು ನ್ಯಾಯಪೀಠದಲ್ಲಿ ಕುಳಿತು ಮಾಡುವುದಾದರೂ ಏನು? ಆದರೆ ತರ್ಕ ಒಪ್ಪಿಗೆಯಾದ ಮಾತ್ರಕ್ಕೆ ಖರ್ಚು ಕಡಿಮೆಯಾಗುವುದಿಲ್ಲ. ಸನದು ಪಡೆಯುವ ಖರ್ಚೇನೋ ಈಗ ಹಗುರಾಗಿದೆ. ಮೊದಲು ಸಾವಿರಗಟ್ಟಲೆ ತೆರಬೇಕಾಗಿದ್ದುದನ್ನು, ಕಾಯದೆಯಲ್ಲಿರುವ 750 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು 2024ರ ಜುಲೈ 30ರಂದು ಅದೇ ನ್ಯಾಯಾಲಯ ತಡೆಯಿತು. ಪರಿಶಿಷ್ಟರಿಗೆ 125 ರೂಪಾಯಿ. ಕಷ್ಟವಿರುವುದು ಸನದು ಬಂದ ಮೇಲೆ. ಕಿರಿಯ ವಕೀಲರಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ಶಿಫಾರಸು ಮಾಡಿದೆ, ಅಷ್ಟೆ. ನನ್ನ ಪರಿಚಯದ ಕಿರಿಯರಿಗೆ ಬಸ್ಸಿನ ಪಾಸಿನ ದುಡ್ಡು ಹುಟ್ಟಿದರೆ ಅದು ಒಳ್ಳೆಯ ತಿಂಗಳು.

ಹೀಗಾಗಿ ಅಪ್ಪ ಒಂದು ಯೋಜನೆ ಹಾಕಿದ್ದರು. ನಾನು ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಉಚ್ಚ ನ್ಯಾಯಾಲಯದ ಪೀಠದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಮೂರು ವರ್ಷ ದುಡಿಯಬೇಕು; ಅಲ್ಲಿಯವರೆಗಿನ ಖರ್ಚಿಗೆ ಅವರು ಹೊಲದಲ್ಲಿ ಒಂದು ಎಕರೆ ಮಾರುವರು. ಗಿರಾಕಿ ಗೊತ್ತಾಗಿದ್ದ. ಒಂದೇ ತೊಡಕು: ಉತಾರದಲ್ಲಿ ಅಪ್ಪನ ಮತ್ತು ಕಾಕಾನ ಹೆಸರಿದ್ದರೂ, ಅತ್ತೆಯ ಹಕ್ಕು ಬಿಡುಗಡೆ ಪತ್ರವಿಲ್ಲದೆ ತಾನು ಕೊಳ್ಳಲೊಲ್ಲೆನೆಂದು ಆ ಗಿರಾಕಿ ಹಟ ಹಿಡಿದಿದ್ದ.

"ಅಕ್ಕ ನಾಳೆ ಬರ್ತಾಳ," ಎಂದರು ಅಪ್ಪ, ನಾನು ಕಾಲು ತೊಳೆದು ಒಳಗೆ ಬಂದೊಡನೆ. "ಬಾಂಡ್ ರೈಟರ್ ಕಡೆ ಕಾಗದಾ ಬರಿಸೇನಿ. ನೀ ಒಂದ ಸಲ ನೋಡು. ವಕೀಲಳಾಗಿ ಅಲ್ಲ?"

ಅಂದು ರಾತ್ರಿ ಆ ಕಾಗದ ಓದಿದೆ. ಎರಡು ಪುಟ. ಬರವಣಿಗೆಯಲ್ಲಿ ದೋಷವಿರಲಿಲ್ಲ, ಚೆಕ್ಕುಬಂದಿ, ಸರ್ವೆ ನಂಬರು ಎಲ್ಲ ಸರಿಯಾಗಿದ್ದುವು. ಆದರೆ ನಡುವೆ ಒಂದು ಮಾತಿತ್ತು; ಇಂಥ ಪತ್ರಗಳಲ್ಲೆಲ್ಲ ಇರುವ ಮಾತೇ. ನಾನು ನನ್ನ ಹಕ್ಕನ್ನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ತಿಳಿವಳಿಕೆಯಿಂದ ಬಿಟ್ಟುಕೊಟ್ಟಿರುತ್ತೇನೆ ಎಂದು. ಸಂತೋಷ ಅತ್ತೆಗಿರಬಹುದು. ಒತ್ತಾಯ ಯಾರೂ ಮಾಡಿರಲಿಲ್ಲ. ತಿಳಿವಳಿಕೆಯ ಮಾತಿನಲ್ಲಿ ಮಾತ್ರ ನನ್ನ ಕಣ್ಣು ನಿಂತುಬಿಟ್ಟಿತು.

ಅತ್ತೆಯ ಮದುವೆ ನಡೆದದ್ದು 1988ರಲ್ಲಿ. ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದಾಗ, ಅದಕ್ಕೂ ಮೊದಲೇ ಮದುವೆಯಾದವರನ್ನು ಅದು ಹೊರಗೆ ಬಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಉಳಿಸಲಿಲ್ಲ. ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುವುದೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಬಿಡಿಸಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಮಾತು ಬೇರೆ. ನಮ್ಮ ಮನೆಯಲ್ಲಿ ಅಂಥದೇನೂ ಆಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ, 2009ರಲ್ಲಿ ಅಜ್ಜ ಹೋದರು; ಮಕ್ಕಳಿಬ್ಬರು ವರದಿ ಕೊಟ್ಟು ಹೆಸರು ಹಚ್ಚಿಸಿಕೊಂಡರು. ಅತ್ತೆ ಆಗ ಅಂಗಳದಲ್ಲಿ ಕುಳಿತು ಅಳುತ್ತಿದ್ದರಂತೆ. ಯಾರೂ ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.

ಇದೆಲ್ಲವನ್ನೂ ಪರೀಕ್ಷೆಯಲ್ಲಿ ನಾನು ಬರೆದಿದ್ದೆ. ಅಂಕಗಳೂ ಚೆನ್ನಾಗಿ ಬಂದಿದ್ದುವು. ಆಗ ವಾದಿ, ಪ್ರತಿವಾದಿ, ತಂದೆ, ಮಗಳು ಎಲ್ಲರೂ ಬರಿಯ ಅಕ್ಷರಗಳಾಗಿದ್ದರು.

ಮರುದಿನ ಅತ್ತೆ ಬಂದರು. ರೊಟ್ಟಿಬುಟ್ಟಿ, ಮೊಮ್ಮಗನಿಗೆ ನೋಡಿಟ್ಟ ಕಲಘಟಗಿಯ ಬಣ್ಣದ ತೊಟ್ಟಿಲಿನ ಸುದ್ದಿ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಅಪ್ಪ ಕಾಗದ ತೆಗೆದರು. ಅತ್ತೆ ಪೆನ್ನು ಹಿಡಿದೇಬಿಟ್ಟರು. "ಎಲ್ಲಿ ಮಾಡ್ಲಿ ಹೇಳವಾ, ನೀ ಶಾಣ್ಯಾಕಿ ಇದ್ದಿ."

ನೋಂದಣಿ ಕಚೇರಿಗೆ ಹೋಗದೆ ಆ ಸಹಿಗೆ ಬೆಲೆಯಿಲ್ಲವೆಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದಾಗಿತ್ತು. ಹಾಗೆ ಮಾಡಬೇಕೆಂಬ ಮನಸ್ಸೂ ಬಂದಿತ್ತು. "ಮೊದಲ ಓದಿ ಹೇಳ್ತೀನಿ ಅತ್ತಿ," ಎಂದೆ. ಓದಿದೆ. ಕಾಗದದಲ್ಲಿಲ್ಲದ್ದನ್ನೂ ಹೇಳಿದೆ. ಹೊಲ ಆರು ಎಕರೆ. ಅಜ್ಜ ಮತ್ತು ಮೂವರು ಮಕ್ಕಳಿಗೆ ನಾಲ್ಕು ಪಾಲು. ಅಜ್ಜನ ಪಾಲು ಮತ್ತೆ ಮೂವರಿಗೂ. ಒಟ್ಟಿನಲ್ಲಿ ಮೂರರಲ್ಲಿ ಒಂದು. "ನಿಮಗ ಎರಡ ಎಕರೆ ಬರ್ತೈತಿ. ಬಿಡೂದು ನಿಮ್ಮ ಖುಷಿ. ಗೊತ್ತಿದ್ದು ಬಿಡ್ರಿ."

ಅಪ್ಪ ನನ್ನನ್ನು ನೋಡಲಿಲ್ಲ. ಬಾಗಿಲ ಹೊರಗಿನ ಗೋವಿನಜೋಳದ ಹೊಲವನ್ನು ನೋಡುತ್ತ ಕುಳಿತರು. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಎರಡ ಎಕರೆ," ಎಂದರು. ಆಸೆಯಿಂದಲ್ಲ, ಯಾರೋ ಮರೆತುಹೋದ ತಮ್ಮದೇ ಹೆಸರನ್ನು ಹೇಳಿದಂತೆ. ಪೆನ್ನನ್ನು ಮುಚ್ಚಿ ಅಪ್ಪನ ಕೈಗೆ ಕೊಟ್ಟರು. "ತಮ್ಮಾ, ನಾ ಮನ್ಯಾಗ ಕೇಳಿ ಹೇಳ್ತೀನಿ. ಸಿಟ್ಟಾಗಬ್ಯಾಡ."

ಸಂಜೆಯ ಬಸ್ಸಿಗೆ ಅವರು ಹೋದರು. ಅಪ್ಪ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಅವರು ಯಾರನ್ನೂ ಮೋಸಗೊಳಿಸಲು ಹೊರಟವರಲ್ಲ. ತಮ್ಮ ಅಪ್ಪ ಮಾಡಿದ್ದನ್ನು, ಊರೆಲ್ಲ ಮಾಡುವುದನ್ನು ಅವರೂ ಮಾಡಿದ್ದರು, ಅದೂ ನನಗಾಗಿ. ನನ್ನ ಮೂರು ವರ್ಷದ ಅನ್ನವನ್ನು ನಾನೇ ಕೈಯಾರೆ ಚೆಲ್ಲಿದೆನೇ ಎಂದು ರಾತ್ರಿ ಅನೇಕ ಸಲ ಅನ್ನಿಸಿದ್ದುಂಟು. ಎರಡನೆಯ ದಿನ ಅವ್ವ ಒಲೆಯ ಮುಂದೆ ಕುಳಿತು, ನನ್ನ ಕಡೆಗೆ ತಿರುಗದೆಯೇ ಹೇಳಿದಳು:

"ನಂದೂ ಒಂದ ಸಹಿ ಐತಿ ತವರಮನ್ಯಾಗ. ಯಾರೂ ಓದಿ ಹೇಳಲಿಲ್ಲ."

ಅದಕ್ಕೆ ಏನು ಉತ್ತರ ಕೊಡಬೇಕೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಮೂರನೆಯ ದಿನ ಅಪ್ಪ ತಾವಾಗಿಯೇ ಕೇಳಿದರು, "ಹಂಗಾರ ಧಾರವಾಡದ್ದು ಹ್ಯಾಂಗ?" ಕಲಘಟಗಿಯಲ್ಲಿಯೂ ನ್ಯಾಯಾಲಯವಿದೆ ಎಂದೆ. ಮೂರು ವರ್ಷದ ಲೆಕ್ಕ ಎಲ್ಲಿ ವಕೀಲಿ ಮಾಡಿದರೂ ಲೆಕ್ಕವೇ. ತಾತ್ಕಾಲಿಕ ಸನದಿನ ದಿನದಿಂದಲೇ ಎಣಿಕೆ. ಬಸ್ಸಿನಲ್ಲಿ ಹೋಗಿ ಬಂದರೆ ಕೋಣೆಯ ಬಾಡಿಗೆ ಉಳಿಯುವುದು, ಅವ್ವನ ಕೈಯ ರೊಟ್ಟಿ ಸಿಗುವುದು. ಉಚ್ಚ ನ್ಯಾಯಾಲಯದ ಪೀಠದ ವೈಭವ ಅಲ್ಲಿಲ್ಲವೆಂಬುದು ನಿಜ. ಹಿಸ್ಸೆ, ಹದ್ದು, ಬದು, ಜೀವನಾಂಶ: ಅಲ್ಲಿ ಬರುವುವು ಇಂಥ ದಾವೆಗಳೇ. ನನಗೆ ಹಟವಿಲ್ಲ, ಮೂರು ವರ್ಷದ ನಂತರ ಪರೀಕ್ಷೆಗೂ ಕೂಡ್ರುವೆನು. ಅಪ್ಪ ಗೋಣು ಹಾಕಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕರಿಕೋಟು ಹೊಲಿಸಲು ಎಷ್ಟು ಬೀಳುತ್ತದೆಂದು ಮಾತ್ರ ಕೇಳಿದರು.

ಅತ್ತೆ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಆದರೆ ಒಂದು ದಿನ ಫೋನು ಮಾಡಿದ್ದರು, ಅಪ್ಪನಿಗಲ್ಲ, ನನಗೆ. ತಮ್ಮ ಓಣಿಯ ಹೆಣ್ಣುಮಗಳೊಬ್ಬಳಿಗೂ ಇಂಥದೇ ಕಾಗದ ಬಂದಿದೆಯಂತೆ.

"ಓದಿ ಹೇಳಾವ್ರು ಒಬ್ರ ಬೇಕಂತ. ನೀ ಕಲಘಟಗ್ಯಾಗ ಎಂದಿನಿಂದ ಕೂಡ್ತಿ?"

"ಸನದು ಇನ್ನೂ ಬಂದಿಲ್ಲ ಅತ್ತಿ."

"ಬರ್ಲಿ ತಗೋ. ಬಂದ ದಿನಾ ತಿಳಸು. ಅಕಿಗೆ ಅಲ್ಲೀ ತನಕಾ ಪೆನ್ನು ಹಿಡೀಬ್ಯಾಡ ಅಂದೇನಿ."