ಸಕ್ಕರೆ ಆರುವ ತನಕ

ಗೌರಿ ಹುಣ್ಣಿಮೆ ನಾಲ್ಕು ದಿನ ಇದೆ ಅನ್ನುವಾಗಲೇ ನಮ್ಮ ಆಯಿ ಅಟ್ಟದಿಂದ ಸಕ್ಕರೆ ಗೊಂಬೆಯ ಅಚ್ಚಿನ ಗಂಟು ಇಳಿಸುತ್ತಿದ್ದಳು. ಹಳೆ ಸೀರೆಯ ಆ ಗಂಟು ಬಿಚ್ಚಿದರೆ ಸಾಗವಾನಿ ಕಟ್ಟಿಗೆಯ ಆನೆ, ಕುದುರೆ, ನವಿಲು, ತೇರು, ಬಸವಣ್ಣ. ಒಂದೊಂದೂ ಎರಡೆರಡು ಹೋಳು, ಒಳಮೈ ಕೊರೆದದ್ದು. ನೀರಲ್ಲಿ ಚೆನ್ನಾಗಿ ನೆನೆಸಿ, ಹೋಳು ಜೋಡಿಸಿ, ದಾರ ಸುತ್ತಿ, ಮೇಲಿನ ತೂತಿನಿಂದ ಬಿಸಿ ಪಾಕ ಹೊಯ್ಯಬೇಕು. ಅಚ್ಚು ನೆನೆಯದಿದ್ದರೆ ಸಕ್ಕರೆ ಕಟ್ಟಿಗೆಯನ್ನು ಕಚ್ಚಿಕೊಂಡು, ಆನೆ ಹೊರಗೆ ಬಂದರೂ ಸೊಂಡಿಲು ಒಳಗೇ ಉಳಿಯುತ್ತದೆ. ಸೊಂಡಿಲಿಲ್ಲದ ಆನೆಯನ್ನು ಆಯಿ ಗೌರವ್ವನ ಮುಂದೆ ಇಡುತ್ತಿರಲಿಲ್ಲ. ಅದು ನಮ್ಮ ಪಾಲು.

ನಾನು ಹೇಳುವ ವರ್ಷ ತಂಗಿಯ ಮಗನ ಮೊದಲ ಹುಟ್ಟುಹಬ್ಬ ಹುಣ್ಣಿಮೆಯ ಮರುದಿನವೇ ಬಂದಿತ್ತು. ಆಕೆ ಕೂಸಿನ ಜೊತೆ ತವರಿಗೆ ಬಂದಿದ್ದಳು. ನಾನು ಬೆಳಗಾವಿಯಿಂದ ಬಂದಿದ್ದೆ, ಕೇಕ್ ಬೇಯಿಸುವ ತಗಡಿನ ಡಬ್ಬಿಗಳನ್ನೂ ಕ್ಲಾಸಿನಲ್ಲಿ ಬರೆದುಕೊಂಡ ವಹಿಯನ್ನೂ ಹೊತ್ತುಕೊಂಡು. ನಮ್ಮ ತಿಮ್ಮಾಪುರ ಅಂದರೆ ಮುಧೋಳದ ಕಬ್ಬಿನ ಸೀಮೆ. ಹತ್ತನೇ ಶತಮಾನದ ರನ್ನ ಕವಿ ಹುಟ್ಟಿದ ನಾಡು, ಅವನ ಹೆಸರು ಹೊತ್ತ ಸಕ್ಕರೆ ಕಾರ್ಖಾನೆ ನಮ್ಮೂರಲ್ಲೇ ಇದೆ. ಕಾರ್ತಿಕ ಬಂತೆಂದರೆ ಕಬ್ಬಿನ ಕಟಾವು ಸುರುವಾಗಿ, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳಿಗೆ ರಾತ್ರಿಯೆಲ್ಲ ಕಿಟಕಿ ಅದುರುತ್ತದೆ. ಇಂಥ ಊರಲ್ಲಿ ಸಕ್ಕರೆಗೇನು ಕೊರತೆ? ಕೂಸಿನ ಕೇಕಿಗೆ ಫಾಂಡೆಂಟ್ ಎಂಬ ಸಕ್ಕರೆಯ ಕಣಕ ಹೊದಿಸಬೇಕು, ಅದನ್ನು ಮನೆಯಲ್ಲೇ ಮಾಡಬೇಕು ಎಂದು ನಾನು ನಿಶ್ಚಯಿಸಿದ್ದೆ.

ಬೆಂಗಳೂರಿನಲ್ಲಿ ಡಿಸೆಂಬರಿಗೆ ನಡೆಯುವ ಕೇಕ್ ಶೋ ಅನ್ನು ಒಮ್ಮೆ ನೋಡಿದ್ದೆ. ಆಳೆತ್ತರದ ಗೋಪುರಗಳು, ಮಣಿಹಾರಗಳು, ಹೂವಿನ ಎಸಳುಗಳು, ಎಲ್ಲ ಸಕ್ಕರೆಯಲ್ಲಿ. ಅಲ್ಲಿಂದ ಹೊರಗೆ ಬಂದಾಗ ನನಗೆ ನೆನಪಾದದ್ದು ಆಯಿಯ ಅಚ್ಚಿನ ಗಂಟು.

ಆದರೆ ವಹಿ ತೆಗೆದು ಓದಿದ ಕೂಡಲೇ ಕೆಲಸ ನಿಂತಿತು. ಲಟ್ಟಿಸಿ ಹೊದಿಸುವ ಫಾಂಡೆಂಟಿಗೆ ಐಸಿಂಗ್ ಶುಗರ್, ಲಿಕ್ವಿಡ್ ಗ್ಲುಕೋಸ್, ಗ್ಲಿಸರಿನ್ ಮತ್ತು ಜೆಲಾಟಿನ್ ಬೇಕು. ಹರಿಯದ ಹಾಗೆ ಎಳೆದುಕೊಳ್ಳುವ ಗುಣ ಬರುವುದು ಜೆಲಾಟಿನ್‌ನಿಂದಲೇ. ಆಯಿ ಅವರೇಕಾಳು ಬಿಡಿಸುತ್ತ ಕೇಳುತ್ತಿದ್ದಳು.

"ಜೆಲಾಟಿನ್ ಅಂದರ ಏನವಾ?"

ದನದ ತೊಗಲು, ಎಲುಬು ಕುದಿಸಿ ತೆಗೆಯುವ ಅಂಟು ಅಂತ ಇದ್ದದ್ದು ಇದ್ದಂಗ ಹೇಳಿದೆ. ಸುಳ್ಳು ಹೇಳಿ ಆಕೆಯ ಬಾಯಿಗೆ ಅದನ್ನು ಇಡಲು ನನಗೆ ಮನಸ್ಸಾಗಲಿಲ್ಲ.

"ನಮ್ಮ ಒಲಿ ಮ್ಯಾಲ ಅದು ಬ್ಯಾಡ. ಹಬ್ಬದಾಗಂತೂ ಬ್ಯಾಡೇ ಬ್ಯಾಡ," ಅಂದಳು. ಸಿಟ್ಟಿರಲಿಲ್ಲ, ಬಾಗಿಲು ಮುಂದಕ್ಕೆ ಮಾಡಿದ ಹಾಗೆ ಅಷ್ಟೇ.

ಚೈನಾ ಗ್ರಾಸ್ ಹಾಕಿ ನೋಡಿದೆ. ಅದು ಕಡಲ ಪಾಚಿಯದು, ಹೆಪ್ಪುಗಟ್ಟುತ್ತದೆ, ಎಳೆದುಕೊಳ್ಳುವುದಿಲ್ಲ. ಲಟ್ಟಿಸಿ ಎತ್ತಿದರೆ ಮಳೆ ಕಾಣದ ಎರಿಹೊಲದ ಹಾಗೆ ಬಿರಿಯಿತು. ಹುಣ್ಣಿಮೆಗೆ ಇನ್ನು ಎರಡೇ ದಿನ.

ಆಗ ವಹಿಯ ಕೊನೆಗೆ ಬರೆದಿದ್ದ ಹಳೆ ಪದ್ಧತಿ ಕಣ್ಣಿಗೆ ಬಿತ್ತು. ಸಕ್ಕರೆ, ನೀರು, ನಿಂಬೆರಸ, ಇಷ್ಟೇ. ಪಾಕ ಮಾಡಿ, ಆರಿಸಿ, ತಿರುವುವುದು. ಲಟ್ಟಿಸಿ ಹೊದಿಸುವಂಥದ್ದಲ್ಲ, ಬೆಚ್ಚಗೆ ಕರಗಿಸಿ ಕೇಕಿನ ಮೇಲೆ ಸುರಿಯುವಂಥದ್ದು. ಫಾಂಡೆಂಟ್ ಎಂಬ ಫ್ರೆಂಚ್ ಮಾತಿಗೆ ಅರ್ಥವೇ ಕರಗುವಂಥದ್ದು ಎಂದು. ನಾನು ಓದಿ ಹೇಳಿದ್ದೇ ತಡ ಆಯಿ ಅವರೇಕಾಯಿಯ ಪುಟ್ಟಿ ಬದಿಗೆ ಸರಿಸಿದಳು.

"ಅಯ್ಯ, ಇದು ಗೊಂಬಿ ಪಾಕ ಅಲ್ಲೇನ? ಇದಕ್ಕ ವಹಿ ಯಾಕ ಬೇಕವಾ?"

ಒಂದು ಕಿಲೋ ಸಕ್ಕರೆ, ಕಾಲು ಲೀಟರಿಗಿಂತ ತುಸು ಹೆಚ್ಚು ನೀರು, ಅರ್ಧ ಚಮಚ ನಿಂಬೆರಸ. 115 ಡಿಗ್ರಿಗೆ ಬರಬೇಕು ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಬಿಟ್ಟರೆ ಬೇರೆ ಇಲ್ಲ. ಆಯಿ ತಾಟಿನಲ್ಲಿ ತಣ್ಣೀರು ಹಾಕಿ ಪಾಕದ ಹನಿ ಬಿಟ್ಟಳು. ಮೊದಲ ಹನಿ ಕರಗಿ ಹೋಯಿತು. ಎರಡನೆಯದು ದಾರವಾಯಿತು. ನಾಲ್ಕನೆಯದನ್ನು ನೀರೊಳಗೇ ಎರಡು ಬೆರಳಲ್ಲಿ ಕೂಡಿಸಿದರೆ ಮೆತ್ತನ್ನ ಉಂಡಿ. "ಬಂತು. ಇಳಸು," ಅಂದಳು. ಆಕೆಯ ತವರಲ್ಲಿ ಗಾಣ ಇತ್ತು. ಬೆಲ್ಲದ ಕೊಪ್ಪರಿಗೆಯ ಹದವನ್ನೂ ಹೀಗೆಯೇ ನೀರಲ್ಲಿ ನೋಡುತ್ತಿದ್ದರಂತೆ, ಆ ಬೆಲ್ಲ ಮಹಾಲಿಂಗಪುರದ ಪ್ಯಾಟಿಗೆ ಹೋಗುತ್ತಿತ್ತಂತೆ.

ಇಳಿಸಿದ್ದೇ ಕಟ್ಟಿಗೆಯ ಹುಟ್ಟು ಹಿಡಿದು ಗರಗರ ತಿರುವತೊಡಗಿದಳು. ಅರವತ್ತು ವರ್ಷದ ರೂಢಿಯ ಕೈ ಅದು, ನಾನು ಬಾಯಿ ತೆರೆಯುವ ಮೊದಲೇ ಪಾಕ ಬೆಳ್ಳಗಾಗಿತ್ತು. ಬೆರಳಲ್ಲಿ ಹೊಸಕಿ ನೋಡಿದೆ. ಉಸುಕು. ಘಟಪ್ರಭೆಯ ದಂಡೆಯ ಸಣ್ಣ ಉಸುಕಿನ ಹಾಗೆ ಕರಕರ. ಗೊಂಬೆಗೆ ಸರಿ, ಕೇಕಿಗಲ್ಲ. ಆಯಿ ನನ್ನ ಮುಖ ನೋಡಿದಳು. ಒಂದು ಗಳಿಗೆಯೂ ತಡ ಮಾಡದೆ ನೆನೆದ ಅಚ್ಚುಗಳನ್ನು ಎಳೆದುಕೊಂಡು ಅಷ್ಟನ್ನೂ ಹೊಯ್ದುಬಿಟ್ಟಳು. ನಿಂಬೆರಸ ಬಿದ್ದಿದ್ದಕ್ಕೋ ಏನೋ ಗಟ್ಟಿಯಾಗಲು ತುಸು ಹೆಚ್ಚು ಹೊತ್ತು ಹಿಡಿಯಿತು. ದಾರ ಬಿಚ್ಚಿದಾಗ ಆನೆ ಸೊಂಡಿಲು ಸಮೇತ ಹೊರಗೆ ಬಂತು.

ಇಬ್ಬರೂ ಕೂತು ವಿಚಾರ ಮಾಡಿದೆವು. ಸಾಮಾನು ಅದೇ, ಹದ ಅದೇ, ಬೇರೆಯಾದದ್ದು ತಿರುವಿದ ಹೊತ್ತು. ಪಾಕ ಸುಡುಸುಡುವಾಗಿದ್ದಾಗ ಕೈಯಾಡಿಸಿದರೆ ಕೆಲವೇ ಹರಳು ಹುಟ್ಟಿ, ಅವೇ ಸಕ್ಕರೆಯನ್ನೆಲ್ಲ ಎಳೆದುಕೊಂಡು ದೊಡ್ಡವಾಗುತ್ತವೆ. ಅಲುಗಾಡಿಸದೆ 45 ಡಿಗ್ರಿಯ ಸುತ್ತ ಆರಲು ಬಿಟ್ಟರೆ ಪಾಕ ಮಂದವಾಗಿ, ಹಿಡಿಸಲಾರದಷ್ಟು ಸಕ್ಕರೆಯನ್ನು ಹಿಡಿದುಕೊಂಡು ಸುಮ್ಮನೆ ನಿಂತಿರುತ್ತದೆ. ಆಗ ತಿರುವಿದರೆ ಲೆಕ್ಕವಿಲ್ಲದಷ್ಟು ಹರಳು ಒಮ್ಮೆಗೇ ಹುಟ್ಟುತ್ತವೆ, ಯಾವುದಕ್ಕೂ ಬೆಳೆಯಲು ಎಡೆಯಿಲ್ಲ. ಅಷ್ಟು ಸಣ್ಣ ಹರಳು ನಾಲಿಗೆಗೆ ತಿಳಿಯುವುದಿಲ್ಲ, ಬೆಣ್ಣೆ ಅನ್ನಿಸುತ್ತದೆ. ನಿಂಬೆರಸ ಸಕ್ಕರೆಯ ಒಂದು ಪಾಲನ್ನು ಒಡೆದು ಗ್ಲುಕೋಸ್, ಫ್ರಕ್ಟೋಸ್ ಮಾಡುತ್ತದೆ. ಅವು ಹರಳುಗಳ ನಡುವೆ ಸೇರಿಕೊಂಡು ದೊಡ್ಡವಾಗಲು ಬಿಡುವುದಿಲ್ಲ. ಇದನ್ನು ಆಯಿಗೆ ಹೇಳುವಾಗ ನಾನು ಹರಳು ಅನ್ನಲಿಲ್ಲ, ಕಾಳು ಅಂದೆ.

"ಅಂದರ ದಟ್ಟ ಬಿತ್ತಿದ ಹೊಲ," ಅಂದಳು ಆಯಿ. "ತೆಳ್ಳಗ ಬಿತ್ತಿದರ ತೆನಿ ದಪ್ಪ, ದಟ್ಟ ಬಿತ್ತಿದರ ಸಣ್ಣ."

ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಕಲಿಸಿಲ್ಲ.

ಮರುದಿನ ನಸುಕಿನಲ್ಲೇ ಎರಡನೇ ಪಾಕ ಇಟ್ಟೆವು. ಪಾತ್ರೆಯ ಗೋಡೆಗೆ ಸಿಡಿದ ಹನಿ ಒಣಗಿ ಹರಳಾದರೆ, ಆ ಒಂದು ಹರಳು ಒಳಗೆ ಬಿದ್ದು ಪಾಕವನ್ನೆಲ್ಲ ಕೆಡಿಸುತ್ತದೆ, ಹಾಗಾಗಿ ಒದ್ದೆ ಅರಿವೆಯಲ್ಲಿ ಮೇಲಿಂದ ಮೇಲೆ ಒರೆಸಿದೆವು. ಉಂಡಿ ಪಾಕಕ್ಕೆ ಇಳಿಸಿ, ಅಡಿಗೆ ಕಟ್ಟೆಯ ಕಡಪಾ ಕಲ್ಲಿಗೆ ನೀರು ಚಿಮುಕಿಸಿ ಸುರಿದೆವು. ಕಲ್ಲಿನ ಮೇಲೆ ಅದು ತಿಳಿಯಾಗಿ ನಿಂತಿತ್ತು, ಮೇಲಿನ ಬಲ್ಬು ಅದರಲ್ಲಿ ಕಾಣುತ್ತಿತ್ತು.

ಈಗ ಕಾಯಬೇಕು. ಅರ್ಧ ತಾಸು. ಆಯಿಗೆ ಅದು ಬಹಳ ಕಷ್ಟವಾಯಿತು. ಪಾಕ ಇಳಿಸಿದ ಮೇಲೆ ಸುಮ್ಮನೆ ಕೂಡುವುದು ಆಕೆಯ ಕೈಗೆ ಗೊತ್ತೇ ಇರಲಿಲ್ಲ. ಎರಡು ಸಲ ಹುಟ್ಟು ಎತ್ತಿಕೊಂಡು ಎರಡು ಸಲ ಕೆಳಗಿಟ್ಟಳು. ಕೊನೆಗೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಲ್ಲನ್ನೇ ನೋಡುತ್ತ ಕೂತಳು. ಕೂಸು ಅಂಬೆಗಾಲಿಟ್ಟುಕೊಂಡು ಬಂದಾಗ ತಂಗಿ ಓಡಿ ಬಂದು ಎತ್ತಿಕೊಂಡಳು. ಹೊರಗೆ ಒಂದು ಕಬ್ಬಿನ ಟ್ರ್ಯಾಕ್ಟರ್ ಹಾದುಹೋಯಿತು. ಪಾಕದ ಮೈ ಸಣ್ಣಗೆ ನಡುಗಿ ಮತ್ತೆ ನಿಂತಿತು, ನಾವಿಬ್ಬರೂ ಉಸಿರು ಬಿಟ್ಟೆವು.

ಕೈಯ ಹಿಂಬದಿ ತಾಗಿಸಿದರೆ ತಡೆದುಕೊಳ್ಳುವಷ್ಟು ಬೆಚ್ಚಗಾದ ಮೇಲೆ ಸುರು ಮಾಡಿದೆವು. ಅಂಚಿನಿಂದ ನಡುವಿಗೆ ಮಡಿಚುವುದು, ಮತ್ತೆ ಹರಡುವುದು. ಜೇನಿನ ಹಾಗೆ ಎಳೆಯುತ್ತಿತ್ತು. ರಟ್ಟೆ ಸೋತಾಗ ನಾನು ಬಿಟ್ಟೆ, ಆಯಿ ಹಿಡಿದಳು. ಆಕೆ ಬಿಟ್ಟಾಗ ತಂಗಿ. ಮೊದಲು ಮಬ್ಬಾಯಿತು, ಆಮೇಲೆ ಅಕ್ಕಿ ತೊಳೆದ ನೀರಿನ ಬಣ್ಣ, ಆಮೇಲೆ ಹಾಲು. ಇಪ್ಪತ್ತು ನಿಮಿಷವಾಗಿರಬೇಕು, ಇದ್ದಕ್ಕಿದ್ದಂತೆ ಹುಟ್ಟು ಅಲುಗದ ಹಾಗೆ ಬಿಗಿದುಕೊಂಡಿತು. ಕೆಟ್ಟಿತು ಅಂದುಕೊಂಡೆ. ಆಯಿ ಕೈಗೆ ನೀರು ಹಚ್ಚಿಕೊಂಡು ಒಂದು ತುಂಡು ಮುರಿದು ರೊಟ್ಟಿ ಹಿಟ್ಟಿನ ಹಾಗೆ ನಾದಿದಳು. ನಾದಿದ ಹಾಗೆ ಮೆತ್ತಗಾಗುತ್ತ ಬಂತು, ಬಿಳಿ ಹೊಳಪು ಬಂತು. ಒಂದು ಚೂರನ್ನು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು.

"ಇಟ್ಟದ್ದು ಖರೆ. ಎಲ್ಲಿ ಹೋತು?"

ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಿಟ್ಟೆವು. ಒಂದು ರಾತ್ರಿ ಕಳೆದರೆ ಇನ್ನೂ ನಯವಾಗುತ್ತದೆ. ಕಾರ್ತಿಕದ ಒಣ ಗಾಳಿಗೆ ಬಿಟ್ಟರೆ ಮೇಲೆ ಪಕ್ಕು ಕಟ್ಟುತ್ತದೆ, ಅದಕ್ಕೇ ಒದ್ದೆ ಬಟ್ಟೆ.

ಮರುದಿನ ಸಂಜೆ ಹುಣ್ಣಿಮೆ. ಓಣಿಯ ಹುಡುಗಿಯರು ಸಕ್ಕರೆ ಗೊಂಬೆಯ ಆರತಿ ಹಿಡಿದು, ಹಾಡು ಹೇಳಿಕೊಂಡು ಗೌರವ್ವನ ಹತ್ತಿರ ಹೋದರು. ಎದುರು ಮನೆಯ ಹುಡುಗಿಗೆ ಬನಹಟ್ಟಿಯ ಕಡೆ ನಿಶ್ಚಯವಾಗಿತ್ತು. ಬೀಗರು ಸೀರೆ, ಹೂವಿನ ದಂಡೆಯ ಜೊತೆ ಬುಟ್ಟಿ ತುಂಬ ಗೊಂಬೆ ತಂದಿದ್ದರು. ಆಕೆಯ ತಾಟಿನಲ್ಲಿ ಕೆಂಪು, ಹಳದಿ, ಬಿಳಿ ಗೊಂಬೆಗಳ ನಡುವೆ ದೀಪ ಉರಿಯುತ್ತಿತ್ತು. ದೀಪದ ಹತ್ತಿರದ ನವಿಲು ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತಿತ್ತು. ಸಕ್ಕರೆ ಅಷ್ಟು ಚೆಂದ ಕಂಡದ್ದನ್ನು ಯಾವ ಪ್ರದರ್ಶನದಲ್ಲೂ ನಾನು ನೋಡಿಲ್ಲ.

ಹುಟ್ಟುಹಬ್ಬದ ಬೆಳಿಗ್ಗೆ ತತ್ತಿ ಇಲ್ಲದ ಕೇಕಿಗೆ ಸೋಸಿದ ಜಾಮ್ ಬಿಸಿ ಮಾಡಿ ತೆಳ್ಳಗೆ ಸವರಿದೆ. ಪುಡಿ ಏಳಬಾರದಲ್ಲ. ಪರಾತದಲ್ಲಿ ಬಟ್ಟಲು ಬೋರಲು ಹಾಕಿ ಅದರ ಮೇಲೆ ಕೇಕ್ ಇಟ್ಟೆ. ಬಿಸಿನೀರಿನ ಪಾತ್ರೆಯ ಮೇಲೆ ಫಾಂಡೆಂಟ್ ಕರಗಿಸಿದೆ, ಉಗುರುಬೆಚ್ಚಗಿಂತ ತುಸು ಮೇಲೆ, ಅಷ್ಟೇ. 40 ಡಿಗ್ರಿ ದಾಟಿ ಕಾಯಿಸಿದರೆ ಸಣ್ಣ ಹರಳು ಕರಗಿ, ಆರುವಾಗ ದೊಡ್ಡವಾಗಿ, ಹೊಳಪು ಸಾಯುತ್ತದೆ. ನಡುವಿನಿಂದ ಒಂದೇ ಸಲಕ್ಕೆ ಸುರಿದೆ. ಅದು ತಾನೇ ದಾರಿ ಹುಡುಕಿಕೊಂಡು ನಾಲ್ಕೂ ಕಡೆ ಇಳಿಯಿತು.

ಉಳಿದದ್ದಕ್ಕೆ ಮಿಕ್ಸಿಯಲ್ಲಿ ನುಣ್ಣಗೆ ಬೀಸಿದ ಸಕ್ಕರೆ ಸೇರಿಸಿ ನಾದಿದರೆ ಗಟ್ಟಿ ಕಣಕ. ಅರ್ಧಕ್ಕೆ ಅರಿಷಿಣ, ಅರ್ಧಕ್ಕೆ ಕುದಿಸಿ ಮಂದ ಮಾಡಿದ ಬೀಟ್‌ರೂಟ್ ರಸ. ನಾನು ಚೆಂಡು ಹೂವು ಮಾಡುತ್ತ ಕೂತೆ. ಆಯಿ ಕೇಳದೆಯೇ ಒಂದು ಚೂರು ತೆಗೆದುಕೊಂಡಳು. ಮದುವೆ ಮನೆಗಳಲ್ಲಿ ಹಿಟ್ಟಿನ ಗೌಲಿ ಹೊಸೆದ ಬೆರಳು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಹೊಸೆದು, ಉಗುರಿನಿಂದ ನೆತ್ತಿ ಒತ್ತಿ, ಸಣ್ಣ ಕಡ್ಡಿಯ ಸುತ್ತ ಒಂದೊಂದೇ ಅಂಟಿಸಿದಳು. ತಾಸಿನ ಮೇಲೆ ನೋಡಿದರೆ ಗೇಣುದ್ದದ ಜೋಳದ ತೆನೆ. ಒಂದು ಕಾಳಿನ ಹಾಗೆ ಇನ್ನೊಂದಿಲ್ಲ, ಹೊಲದಲ್ಲಿ ಇರುವಂತೆಯೇ.

ಬಿಳಿ ಕೇಕಿನ ಮೇಲೆ ಆ ತೆನೆ, ಸುತ್ತ ಚೆಂಡು ಹೂವು, ಪಕ್ಕಕ್ಕೆ ಮೊದಲ ಪಾಕದ ಆನೆ. ಕೂಸು ಕೇಕನ್ನು ಬಿಟ್ಟು ಆನೆಯನ್ನೇ ಹಿಡಿದು ಸೊಂಡಿಲು ಚೀಪತೊಡಗಿತು.

ಆಯಿ ಒಂದು ಉಂಡಿ ಫಾಂಡೆಂಟನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ತನ್ನ ಹತ್ತಿರ ಇಟ್ಟುಕೊಂಡಳು. ನಾನು ಬೆಳಗಾವಿಗೆ ಹೊರಡುವ ದಿನ ಮುಚ್ಚಳ ತೆಗೆದು, ಒದ್ದೆ ಬಟ್ಟೆ ಸರಿಸಿ, ಹೆಬ್ಬೆರಳಿನಿಂದ ಒತ್ತಿದಳು. ಬೆರಳಿನ ಗೆರೆಗಳೆಲ್ಲ ಅದರಲ್ಲಿ ಮೂಡಿದವು.

"ಇನ್ನೂ ಮೆತ್ತಗ ಐತಿ ನೋಡು," ಅಂದು ಮತ್ತೆ ಮುಚ್ಚಿದಳು.