ಕೃಷ್ಣೆ ಧುಮುಕುವ ಕಡೆ: ಕೆಲವು ಟಿಪ್ಪಣಿಗಳು

ನಮ್ಮ ಸಿಂದಗಿ ಸೀಮೆಯ ಕನ್ನೊಳ್ಳಿಯ ಎರೆಹೊಲದಲ್ಲಿ ನಿಂತವನಿಗೆ ಸುತ್ತಲೂ ಸಪಾಟು ನೆಲವೇ ಕಾಣುತ್ತದೆ. ದಕ್ಷಿಣಕ್ಕೆ ಹೋದರೆ, ನಾರಾಯಣಪುರ ದಾಟಿದ ಕೃಷ್ಣೆ ಮೂರು ಮೈಲಿಯೊಳಗೆ ಸುಮಾರು 400 ಅಡಿ ಇಳಿಯುತ್ತಾಳೆ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ. ಇಂಥ ನಾಡಿನ ಮಗ್ಗುಲಲ್ಲಿ ಅಷ್ಟು ಆಳದ ಕಮರಿ ಎಲ್ಲಿಂದ ಬಂತು?

*

ಸಿಂದಗಿಯಿಂದ ತಾಳಿಕೋಟೆ, ಹುಣಸಗಿ ಮೇಲೆ ಹೋಗುವಾಗ ಮನೆಗಳ ಗೋಡೆ ನೋಡುತ್ತ ಹೋದೆ. ನಮ್ಮ ಕಡೆ ಕರಿಕಲ್ಲು. ತಾಳಿಕೋಟೆ ಸುತ್ತ ಪದರು ಪದರಾಗಿ ಏಳುವ ಪರಸಿ, ಅಂದರೆ ಸುಣ್ಣದಕಲ್ಲು. ನಾರಾಯಣಪುರದ ಹೊತ್ತಿಗೆ ನಸುಗೆಂಪಿನ ಗ್ರಾನೈಟ್. ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಗ್ರಾನೈಟಿನ ವಯಸ್ಸು 250 ಕೋಟಿ ವರ್ಷದ ಆಸುಪಾಸು. ಲಾವಾದ ಹೊದಿಕೆ ಮುಗಿದು ತಳದ ಬಂಡೆ ಹೊರಬಿದ್ದ ಸೀಮೆಯಲ್ಲಿ ಹೊಳೆ ಧುಮುಕುತ್ತದೆ. ಗಟ್ಟಿ ಬಂಡೆ ಒಂದೇ ಸಮ ಸವೆಯುವುದಿಲ್ಲ. ನೀರು ಬಿರುಕು ಹಿಡಿದು ಕೊರೆಯುತ್ತದೆ.

*

ಬೇಸಿಗೆ, ನಾರಾಯಣಪುರದ ಕೆಳಗೆ ಹೊಳೆದಂಡೆಯ ಛಾಯಾ ಭಗವತಿ. ಗುಡಿಯಿಂದ ಪಾತ್ರಕ್ಕಿಳಿದು ಬಂಡೆಯೊಳಗಿನ ಒಂದು ಕುಳಿಗೆ ಕೈ ಹಾಕಿದೆ. ಗೋಡೆ ನುಣುಪು. ತಳದಲ್ಲಿ ಮೂರ್ನಾಲ್ಕು ಗುಂಡುಕಲ್ಲು. ಒಂದು ಕಪ್ಪು, ಒಂದು ಇಟ್ಟಿಗೆ ಬಣ್ಣದ್ದು. ಇಲ್ಲಿನ ಬಂಡೆಗೂ ಅವಕ್ಕೂ ಸಂಬಂಧವಿಲ್ಲ. ಮೇಲಿನ ಸೀಮೆಯಿಂದ ಬಂದ ಕಲ್ಲುಗಳನ್ನು ಮಳೆಗಾಲದ ಸುಳಿ ಗಿರಗಿರ ತಿರುಗಿಸಿದೆ. ಕುಳಿ ತೋಡಿದ್ದು ನೀರೊಂದೇ ಅಲ್ಲ, ಅದು ಹೊತ್ತು ತಂದ ಕಲ್ಲೂ ಹೌದು.

*

ಇಲ್ಲಿಗೆ ಮೊದಲು ಬಂದವರು ಯಾರು? ಹುಣಸಗಿ ಬಳಿಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಗೆದಾಗ ಸುಣ್ಣದಕಲ್ಲಿನಿಂದ ಕೈಗೊಡಲಿ ಮಾಡುತ್ತಿದ್ದ ಆದಿಮಾನವರ ನೆಲೆಯೇ ಸಿಕ್ಕಿತು. ಕಾಲ ಸುಮಾರು 12 ಲಕ್ಷ ವರ್ಷದ ಹಿಂದೆ ಎಂಬ ಅಂದಾಜಿದೆ. ಒಳ್ಳೆಯ ಕಲ್ಲು ಯಾವುದೆಂದು ಅವರಿಗೆ ಗೊತ್ತಿತ್ತು. ಮುಂದೆ ಹೊಳೆಸ್ನಾನದ ಭಕ್ತರು ಬಂದರು. ಹೊಳೆ ಕವಲೊಡೆದು ಸುತ್ತುವ ನಡುಗಡ್ಡೆಯಲ್ಲಿ ಜಲದುರ್ಗದ ಕೋಟೆ ಎದ್ದಿತು. 1841ರಿಂದ ಸುರಪುರದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆ ಕೋಟೆಯನ್ನು ತನ್ನ ‘ಎ ನೋಬಲ್ ಕ್ವೀನ್’ ಕಾದಂಬರಿಯೊಳಕ್ಕೆ ತಂದ.

*

ಹಾಗಿದ್ದೂ ಹೆಸರು ಮಾಡಿದ್ದು ಗೋಕಾಕ. ಅಲ್ಲಿ ಘಟಪ್ರಭೆ ಒಂದೇ ನೆಗೆತಕ್ಕೆ 52 ಮೀಟರ್ ಬೀಳುತ್ತಾಳೆ. ಹತ್ತಿ ಗಿರಣಿ, ತೂಗುಸೇತುವೆ, ರೈಲು ನಿಲ್ದಾಣ ಎಲ್ಲವೂ ಹಿಂದಿನಿಂದ ಇವೆ. ಇಲ್ಲಿನ ಇಳಿತ ಮೈಲಿಗಟ್ಟಲೆ ಹರಡಿದೆ, ನೋಡಬೇಕೆಂದರೆ ನಡೆಯಬೇಕು. ಒಂದೇ ಫೋಟೊದಲ್ಲಿ ಹಿಡಿಯಲಾಗದ್ದಕ್ಕೆ ಪ್ರವಾಸಿಗರು ಕಡಿಮೆಯೇ?

*

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಅಂದಿನಿಂದ ಕಮರಿಯ ನೀರು ಗೇಟಿನ ಕೈಯಲ್ಲಿದೆ. ಗೇಟು ತೆಗೆದರೆ ಛಾಯಾ ಭಗವತಿ ಗುಡಿಗೆ ನೀರು ನುಗ್ಗುತ್ತದೆ, ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಜನ ನೋಡಲು ಬರುವುದು ಆಗಲೇ; ನಡುಗಡ್ಡೆಯ ಊರುಗಳಿಗೆ ದಾರಿ ಕಡಿದುಹೋಗುವುದೂ ಆಗಲೇ. ನಮಗೆ ನೋಟವಾದದ್ದು ಅವರಿಗೆ ದವಾಖಾನೆ, ಸಂತೆ, ಶಾಲೆ ದೂರವಾಗುವ ದಿನ.

*

ಅಣೆಕಟ್ಟು ಇಲ್ಲೇ ಏಕೆ? ಇಳಿತ ಶುರುವಾಗುವ ಮೊದಲೇ ತಡೆದರೆ ನೀರು ಎತ್ತರದಲ್ಲೇ ಉಳಿಯುತ್ತದೆ, ಕಾಲುವೆಗೆ ತಾನೇ ಹರಿಯುತ್ತದೆ. ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ನಮ್ಮ ಸೀಮೆಯ ಕಡೆ ಬರುತ್ತದೆ. ಕಮರಿಯಲ್ಲಿ ಬೀಳಬೇಕಿದ್ದ ನೀರು ಹೊಲ ಸೇರುತ್ತಿದೆ. ಕಾಲುವೆಯ ಕೊನೆಯ ರೈತ ಇನ್ನೂ ಕಾಯುತ್ತಾನೆ. ಆ ತಕರಾರು ಬೇರೆ.

*

ಹಾಗಾಗಿ ನನ್ನ ಮಾತು ಇಷ್ಟು: ಈ ಕಮರಿಯನ್ನು ಬೇಸಿಗೆಯಲ್ಲೂ ನೋಡಬೇಕು. ಗೇಟು ಬಂದಾಗಿರುವುದನ್ನು ವಿಚಾರಿಸಿಕೊಂಡೇ ಪಾತ್ರಕ್ಕಿಳಿಯಬೇಕು. ಬಂಡೆಯ ವಯಸ್ಸು, ಕುಳಿ ಆದ ಬಗೆ, ಇಸಾಂಪುರದ ಸುದ್ದಿ ಇವನ್ನು ಕನ್ನಡದಲ್ಲಿ ಬರೆದ ಫಲಕ ಗುಡಿಯ ದಾರಿಯಲ್ಲಿ ನಿಲ್ಲಬೇಕು. ಸಿಂದಗಿ, ಮುದ್ದೇಬಿಹಾಳದ ಶಾಲಾ ಮಕ್ಕಳ ಪ್ರವಾಸದ ಪಟ್ಟಿಯಲ್ಲಿ ಗೋಳಗುಮ್ಮಟದ ಜೊತೆ ಇದೂ ಸೇರಬೇಕು. ತಮ್ಮ ಹೊಲದ ಕರಿಮಣ್ಣಿನ ಕೆಳಗೆ ಏನಿದೆ ಎಂಬುದನ್ನು ಅವರು ಮುಟ್ಟಿ ನೋಡಬಹುದಾದ ಜಾಗ ಇದು.