ಓದಿನ ದೋಷವೋ, ಬರೆಹದ ದೋಷವೋ?

ಉಪಾಧ್ಯಾಯವೃತ್ತಿಯಿಂದ ನಿವೃತ್ತನಾಗಿ ಶಿಕಾರಿಪುರದ ನಮ್ಮ ಹಳೆಯ ಮನೆಯಲ್ಲಿ ಕಾಲಕ್ಷೇಪ ಮಾಡುತ್ತಿರುವ ನಾನು, ಅರವತ್ತನೆಯ ವಯಸ್ಸಿನಲ್ಲಿ ಕಂಪ್ಯೂಟರಿಗೆ ಕ್ರಮವಿಧಿ ಬರೆಯುವ ವಿದ್ಯೆಯನ್ನು ಕಲಿಯತೊಡಗಿದೆನೆಂದರೆ ವಾಚಕರಿಗೆ ನಗೆ ಬಂದೀತು. ನಗಲಿ; ನನಗೇನೂ ಬೇಸರವಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಓದಿಸಿದವನು, ‘ಓದುವುದು’ ಎಂದರೇನೆಂಬುದನ್ನು ಈ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಗಿ ಬಂದ ಪ್ರಸಂಗವೊಂದನ್ನು ಇಲ್ಲಿ ನಿವೇದಿಸುತ್ತೇನೆ. ಅದರಲ್ಲಿ ನನ್ನ ತಪ್ಪೊಂದಿದೆ, ಅದನ್ನು ಮುಚ್ಚಿಡುವುದಿಲ್ಲ.

ನನ್ನ ಪತ್ನಿಯ ತವರುಮನೆ ಸೊರಬದ ಸೀಮೆಯ ಒಂದು ಹಳ್ಳಿ. ಸಸಿ ನೆಡುವಾಗಲೂ, ಬೀಸುವಾಗಲೂ, ಮದುವೆಯ ಹಸೆಯ ಮುಂದೆಯೂ ಆ ಕಡೆಯ ಹೆಂಗಸರು ಹೇಳುತ್ತಿದ್ದ ಹಾಡುಗಳನ್ನು ಆಕೆ ಬಾಲ್ಯದಿಂದಲೂ ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ೨೦೧೨ನೆಯ ಇಸವಿಯ ಮಳೆಗಾಲದಲ್ಲಿ ಆಕೆಯ ಅಣ್ಣನ ಮಗ ನಮ್ಮ ಮನೆಯಲ್ಲಿದ್ದು ಓದುತ್ತಿದ್ದನು. ಆಕೆ ಪುಸ್ತಕ ನೋಡಿ ಹೇಳುವುದು, ಹುಡುಗನು ಕಂಪ್ಯೂಟರಿನಲ್ಲಿ ಟೈಪು ಮಾಡುವುದು. ಹೀಗೆ ಮುನ್ನೂರಕ್ಕೆ ಮೇಲ್ಪಟ್ಟ ಹಾಡುಗಳು ಒಂದೇ ಕಡತದಲ್ಲಿ ಸೇರಿದುವು. ೨೦೧೮ರಲ್ಲಿ ಆಕೆ ತೀರಿಕೊಂಡಳು. ಅದಾದ ಎರಡನೆಯ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಪುಸ್ತಕವನ್ನು ಗೆದ್ದಲು ತಿಂದುಹಾಕಿತು. ಮಲೆನಾಡಿನ ಅಂಚಿನಲ್ಲಿ ಮನೆ ಮಾಡಿಕೊಂಡವರಿಗೆ ಈ ದುಃಖವನ್ನು ವಿವರಿಸಬೇಕಾಗಿಲ್ಲ. ಅಂತು ಉಳಿದದ್ದು ಹುಡುಗನು ಮಾಡಿದ ಕಡತವೊಂದೇ.

ವಿಶ್ರಾಂತಿಯ ದಿನಗಳು ಬಂದಾಗ, ಈ ಹಾಡುಗಳಿಗೆ ಅಕಾರಾದಿಯಾದ ಒಂದು ಪದಸೂಚಿಯನ್ನು ಮಾಡಬೇಕೆಂಬ ಆಸೆ ನನಗೆ ಹುಟ್ಟಿತು. ಕೈಯಲ್ಲಿ ಮಾಡಿದರೆ ವರ್ಷಗಳೇ ಹಿಡಿಯುವ ಕೆಲಸ. ಬೆಂಗಳೂರಿನಲ್ಲಿ ಕ್ರಮವಿಧಿಗಳನ್ನು ಬರೆಯುವುದನ್ನೇ ಉದ್ಯೋಗವಾಗಿ ಮಾಡಿಕೊಂಡಿರುವ ನನ್ನ ಮಗಳು, “ನೀವೇ ಬರೆಯಬಹುದಪ್ಪಾ; ವ್ಯಾಕರಣ ಬಲ್ಲವರಿಗೆ ಇದೇನು ಕಷ್ಟ?” ಎಂದು ಹುರಿದುಂಬಿಸಿ, ಜಾವಾ ಎಂಬ ಭಾಷೆಯ ಆರಂಭದ ಪಾಠಗಳನ್ನು ದೂರವಾಣಿಯ ಮೂಲಕವೇ ಹೇಳಿಕೊಟ್ಟಳು. ಜಾವಾ ೧೯೯೫ರಲ್ಲಿ ಪ್ರಕಟವಾದ ಭಾಷೆ. ಸಂಜ್ಞೆಗಳೂ ವಿಧಿಗಳೂ ನಿಷೇಧಗಳೂ ಅದರಲ್ಲಿಯೂ ಉಂಟು. ಪಾಣಿನಿಯ ಹಾದಿಯಲ್ಲಿ ನಾಲ್ಕು ಹೆಜ್ಜೆ ನಡೆದವನಿಗೆ ಅದು ತೀರ ಅನ್ಯವೆನಿಸಲಿಲ್ಲ.

ಕಂಪ್ಯೂಟರಿನ ಕಡತದಲ್ಲಿ ಅಕ್ಷರಗಳಿರುವುದಿಲ್ಲ. ೦ಯಿಂದ ೨೫೫ರವರೆಗಿನ ಸಂಖ್ಯೆಗಳು ಮಾತ್ರ ಸಾಲಾಗಿರುತ್ತವೆ. ಇಂಥ ಒಂದೊಂದು ಸಂಖ್ಯೆಗೆ ಬೈಟು ಎಂದು ಹೆಸರು. ಆ ಸಾಲು ಒಂದರ ಹಿಂದೊಂದು ಹರಿದು ಬರುವುದರಿಂದ ಅದನ್ನು ಸ್ಟ್ರೀಮು, ಎಂದರೆ ಪ್ರವಾಹ, ಎನ್ನುತ್ತಾರೆ. ಜಗತ್ತಿನ ಲಿಪಿಗಳೆಲ್ಲಕ್ಕೂ ಅಂಕಿ ಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆಯು ೧೯೯೧ರ ತನ್ನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಸ್ಥಾನ ಕೊಟ್ಟಿತು. ಆ ಅಂಕಿಗಳನ್ನು ಬೈಟುಗಳಾಗಿ ಬರೆಯುವ ಬಳಕೆಯ ಕ್ರಮಕ್ಕೆ ಯು.ಟಿ.ಎಫ್.-೮ ಎಂದು ಹೆಸರು; ೧೯೯೨ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ಅದನ್ನು ರೂಪಿಸಿದರು. ಇಂಗ್ಲಿಷಿನ ಅಕ್ಷರಕ್ಕೆ ಈ ಕ್ರಮದಲ್ಲಿ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೇಕು. ‘ವ’ ಎಂಬುದು ೨೨೪, ೧೭೮, ೧೮೧ ಎಂಬ ಮೂರು ಸಂಖ್ಯೆಗಳ ಗುಂಪು. ‘ತವರು’ ಎಂಬ ಪದ ಕಣ್ಣಿಗೆ ಮೂರಕ್ಷರವಾದರೂ, ಕೊನೆಯ ಕೊಂಬು ಪ್ರತ್ಯೇಕ ಚಿಹ್ನೆಯಾದುದರಿಂದ ಒಟ್ಟು ಹನ್ನೆರಡು ಬೈಟುಗಳನ್ನು ಹಿಡಿಯುತ್ತದೆ.

ನಾನು ಮೊದಲು ಬರೆದ ಕ್ರಮವಿಧಿಯು ಪ್ರವಾಹದಿಂದ ಒಂದೊಂದೇ ಬೈಟನ್ನು ಕೇಳಿ ತರುತ್ತಿತ್ತು. ಬಾವಿಯಿಂದ ಚೊಂಬಿನಲ್ಲಿ ನೀರು ತಂದು ಹಂಡೆ ತುಂಬುವಂತೆ ಕೆಲಸ ಬಹು ನಿಧಾನವಾಯಿತು. ಆದಕಾರಣ ಒಂದು ಸಲಕ್ಕೆ ೧೦೨೪ ಬೈಟು ಹಿಡಿಯುವ ಕೊಡವೊಂದನ್ನು ಕಲ್ಪಿಸಿ, ಕೊಡ ತುಂಬಿದಾಗಲೆಲ್ಲ ಅದರೊಳಗಿನದನ್ನು ಅಕ್ಷರಗಳಾಗಿ ಮಾರ್ಪಡಿಸುವಂತೆ ತಿದ್ದಿದೆನು. ಕ್ಷಣಮಾತ್ರದಲ್ಲಿ ಪದಸೂಚಿ ಸಿದ್ಧವಾಯಿತು. ಹಿಗ್ಗಿನಿಂದ ನೋಡುತ್ತೇನೆ: ಇನ್ನೂರೈವತ್ತಕ್ಕೂ ಮೇಲ್ಪಟ್ಟು ಪದಗಳ ಹೊಟ್ಟೆಯಲ್ಲಿ ಅಕ್ಷರಕ್ಕೆ ಬದಲಾಗಿ ಪ್ರಶ್ನಾರ್ಥಕವನ್ನು ಹೊತ್ತ ಕರಿಯ ವಜ್ರಾಕಾರದ ಗುರುತುಗಳು! ‘ತವರು’ ಎಂಬಲ್ಲಿ ಒಂದೆಡೆ ‘ತ’ ಇದೆ, ‘ರು’ ಇದೆ. ನಡುವಿನ ‘ವ’ ಮಾಯವಾಗಿ ಆ ಕರಿಯ ಗುರುತುಗಳು ಕುಳಿತಿವೆ.

ನನಗೆ ತಾಳ್ಮೆ ತಪ್ಪಿತು. ಅಂದು ಓದಿಗಿಂತ ಆಟದಲ್ಲಿ ಹೆಚ್ಚು ಮನಸ್ಸಿದ್ದ ಹುಡುಗ. ಅಜಾಗರೂಕತೆಯಿಂದ ಟೈಪು ಮಾಡಿ ಕೆಡಿಸಿದ್ದಾನೆ. ಮೂಲಪುಸ್ತಕವೂ ಹೋಯಿತು, ಇನ್ನು ಸರಿಪಡಿಸುವ ಬಗೆಯಿಲ್ಲ ಎಂದು ನಿಶ್ಚಯಿಸಿದೆನು. ಈಗ ಸೊರಬದಲ್ಲಿ ಅಂಗಡಿಯಿಟ್ಟುಕೊಂಡು ಸಂಸಾರಸ್ಥನಾಗಿರುವ ಆತನಿಗೆ ಅದೇ ರಾತ್ರಿ ದೂರವಾಣಿಯಲ್ಲಿ ಕಠಿಣವಾಗಿ ಮಾತನಾಡಿದೆನು. “ನಿನ್ನ ಅತ್ತೆಯ ಬಾಳಿನ ಗಳಿಕೆಯನ್ನು ಹಾಳುಮಾಡಿದೆ” ಎಂದುಬಿಟ್ಟೆ. ಆತನು ಎದುರಾಡಲಿಲ್ಲ. “ಪ್ರತಿಯೊಂದು ಹಾಡನ್ನೂ ಅತ್ತೆಗೆ ಓದಿ ಹೇಳಿ, ಅವರು ಸರಿಯೆಂದ ಮೇಲೆಯೇ ಮುಂದಿನದಕ್ಕೆ ಹೋಗುತ್ತಿದ್ದೆ, ಮಾವ” ಎಂದಷ್ಟೇ ಹೇಳಿ ಸುಮ್ಮನಾದನು. ಆ ಮಾತನ್ನು ನಾನು ನಂಬಲಿಲ್ಲ.

ಮರುದಿನ ಮಗಳಿಗೆ ಈ ಸಂಗತಿಯನ್ನು ತಿಳಿಸಿದಾಗ ಆಕೆ ಕೇಳಿದ ಮೊದಲನೆಯ ಪ್ರಶ್ನೆ: “ಮೂಲದ ಕಡತವನ್ನು ತೆರೆದು ನೋಡಿದಿರಾ?” ನೋಡಿರಲಿಲ್ಲ! ಹಸ್ತಪ್ರತಿಯನ್ನು ನೋಡದೆ ಲಿಪಿಕಾರನನ್ನು ದೂರಬಾರದೆಂದು ಎಷ್ಟೋ ಮಂದಿ ವಿದ್ಯಾರ್ಥಿಗಳಿಗೆ ಬೋಧಿಸಿದವನು ನಾನು. ತೆರೆದು ನೋಡಿದರೆ ‘ತವರು’ ಎಂಬ ಪದ ಬಂದ ಕಡೆಯಲ್ಲೆಲ್ಲ ಅಖಂಡವಾಗಿದೆ. ಒಂದು ಗುಣಿತವೂ ಕೆಟ್ಟಿಲ್ಲ. ಬಳಿಕ ಆಕೆ, ಅಕ್ಷರ ಒಡೆದಿರುವ ಸ್ಥಳಗಳು ಕಡತದ ಮೊದಲಿನಿಂದ ಎಷ್ಟನೆಯ ಬೈಟಿನಲ್ಲಿ ಬೀಳುತ್ತವೆಂದು ಎಣಿಸಿ ಬರೆಯಹೇಳಿದಳು. ಬರೆದೆನು: ೧೦೨೪, ೨೦೪೮, ೪೦೯೬, ೫೧೨೦. ಎಲ್ಲವೂ ನನ್ನ ಕೊಡದ ಅಳತೆಯ ಗುಣಿತಗಳೇ! “ಮನುಷ್ಯರ ಕೈತಪ್ಪು ಹೀಗೆ ಗೇಣು ಹಾಕಿ ಅಳೆದಂತೆ ಬರುವುದುಂಟೇ ಅಪ್ಪಾ?” ಎಂದು ಆಕೆ ನಕ್ಕಳು. ನನಗೆ ನಗೆ ಬರಲಿಲ್ಲ.

ಕಾರಣ ಸರಳವಾದುದು. ೧೦೨೪ನ್ನು ಮೂರರಿಂದ ಭಾಗಿಸಿದರೆ ೩೪೧ ಬಂದು ಒಂದು ಉಳಿಯುತ್ತದೆ. ಕೊಡದ ತುಂಬ ಕನ್ನಡದ ಚಿಹ್ನೆಗಳೇ ಇದ್ದಲ್ಲಿ ೩೪೧ ಚಿಹ್ನೆಗಳು ಪೂರ್ಣವಾಗಿ ಹಿಡಿದು, ಮುಂದಿನದರ ಮೊದಲನೆಯ ಬೈಟು ಈ ಕೊಡದಲ್ಲಿಯೂ, ಉಳಿದೆರಡು ಮುಂದಿನ ಕೊಡದಲ್ಲಿಯೂ ಬೀಳುತ್ತವೆ. ನನ್ನ ಕ್ರಮವಿಧಿಯು ಒಂದೊಂದು ಕೊಡವನ್ನೂ ಸ್ವತಂತ್ರವೆಂದು ತಿಳಿದು ಓದುತ್ತಿದ್ದುದರಿಂದ ತಲೆಯೂ ಅನರ್ಥ, ಮುಂಡವೂ ಅನರ್ಥ. ಪದಗಳ ನಡುವಣ ತೆರಪಿಗೆ ಒಂದೇ ಬೈಟಾದುದರಿಂದ ಲೆಕ್ಕ ಹಿಂದುಮುಂದಾಗಿ, ಕೆಲವು ಕಡೆ ಕೊಡದ ಅಂಚು ಎರಡು ಅಕ್ಷರಗಳ ಸಂಧಿಯಲ್ಲಿಯೇ ಬಿದ್ದು ಅನಾಹುತ ತಪ್ಪಿತ್ತು. ೩೦೭೨ರಲ್ಲಿ ದೋಷವಿಲ್ಲದಿದ್ದುದು ಹೀಗೆ.

ಇದಕ್ಕೆ ಪರಿಹಾರವೆಂದರೆ ಪ್ರವಾಹಕ್ಕೆ ಹೊದಿಕೆ ಹೊದಿಸುವುದು. ಜಾವಾದಲ್ಲಿ ಕಡತದಿಂದ ಬರಿಯ ಬೈಟುಗಳನ್ನು ಹರಿಸುವುದು ಫೈಲ್‌ಇನ್‌ಪುಟ್‌ಸ್ಟ್ರೀಮ್. ಅಕ್ಷರವೆಂದರೇನೆಂಬುದನ್ನು ಅದು ಅರಿಯದು. ಅದರ ಮೇಲೆ ಇನ್‌ಪುಟ್‌ಸ್ಟ್ರೀಮ್‌ರೀಡರ್ ಎಂಬುದನ್ನು ಹೊದಿಸಿ, ಬರೆಹವು ಯು.ಟಿ.ಎಫ್.-೮ ಕ್ರಮದ್ದೆಂದು ಸ್ಪಷ್ಟವಾಗಿ ಹೇಳಬೇಕು. ೨೨೪ ಎಂಬ ಬೈಟು ಬಂದೊಡನೆ ಆ ರೀಡರು ‘ಇದು ಮೂರರ ಗುಂಪಿನ ಮುಖಂಡ, ಹಿಂದೆ ಇನ್ನಿಬ್ಬರಿದ್ದಾರೆ’ ಎಂದರಿತು, ಅವರು ಬರುವವರೆಗೆ ಅದನ್ನು ಬಾಗಿಲಲ್ಲಿಯೇ ಕುಳ್ಳಿರಿಸಿಕೊಂಡಿರುತ್ತದೆ, ಗುಂಪು ಪೂರ್ತಿಯಾದ ಮೇಲೆಯೇ ಅಕ್ಷರವನ್ನು ನಮ್ಮ ಕೈಗೆ ಕೊಡುತ್ತದೆ. ಅದರ ಮೇಲೆ ಮತ್ತೊಂದು ಹೊದಿಕೆಯಾಗಿ ಬಫರ್ಡ್‌ರೀಡರ್ ಎಂಬುದನ್ನಿಟ್ಟರೆ, ಅದು ಒಮ್ಮೆಗೇ ಬಹಳವನ್ನು ತುಂಬಿಟ್ಟುಕೊಂಡು, ಕೇಳಿದಾಗ ಒಂದೊಂದು ಸಾಲಾಗಿ ಬಡಿಸುತ್ತದೆ.

ನಮ್ಮ ಸೀಮೆಯವರಿಗೆ ಈ ಏರ್ಪಾಡು ಹೊಸದಲ್ಲ. ಕುಮುದ್ವತಿಯ ನೀರು ಅಂಜನಾಪುರದ ಜಲಾಶಯದಲ್ಲಿ ನಿಂತು, ನಾಲೆಗೆ ಇಳಿದು, ಕಾಲುವೆಗೆ ತಿರುಗಿ ಗದ್ದೆಗೆ ಬರುವುದಿಲ್ಲವೇ? ಗದ್ದೆಯವನು ತನ್ನ ಮಡೆಯನ್ನಷ್ಟೇ ನೋಡಿಕೊಳ್ಳುತ್ತಾನೆ. ಎಚ್ಚರಿಕೆಯ ಮಾತೂ ಅದೇ: ಕೊನೆಯ ಮಡೆಯಿಂದ ನೀರು ಪಡೆಯುತ್ತಿರುವವನು ನಡುವೆ ಹೋಗಿ ನಾಲೆಯನ್ನು ಒಡೆದರೆ ಎರಡೂ ಕೆಡುತ್ತವೆ. ಹಾಗೆಯೇ, ಒಮ್ಮೆ ಹೊದಿಸಿದ ಮೇಲೆ ಹೊರಗಿನ ಹೊದಿಕೆಯಿಂದಲೇ ಓದಬೇಕಲ್ಲದೆ ಒಳಗಿನ ಪ್ರವಾಹಕ್ಕೆ ಕೈಹಾಕಬಾರದು. ಹೊರಗಿನದು ಮುಂದಾಗಿ ತುಂಬಿಟ್ಟುಕೊಂಡಿರುವ ಭಾಗವು ಒಳಗೆ ಸಿಕ್ಕುವುದಿಲ್ಲ. ಕೆಲಸ ಮುಗಿದ ಮೇಲೆ ಹೊರಗಿನದನ್ನು ಮುಚ್ಚಿದರೆ ಒಳಗಿನವೂ ತಾವಾಗಿ ಮುಚ್ಚಿಕೊಳ್ಳುತ್ತವೆ.

ಇದನ್ನೆಲ್ಲ ತಿಳಿದ ದಿನ ನನಗೆ ತಾಳಗುಂದದ ಸ್ತಂಭಶಾಸನ ನೆನಪಾಯಿತು. ನಮ್ಮ ತಾಲೂಕಿನಲ್ಲಿಯೇ ಇರುವ, ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಆ ಶಾಸನವನ್ನು ಮಕ್ಕಳಿಗೆ ತೋರಿಸಲು ಅನೇಕ ಸಲ ಕರೆದೊಯ್ದಿದ್ದೆನು. ಇಂದಿನ ಅಚ್ಚಿನ ಪುಸ್ತಕದಂತೆ ಪದಪದಕ್ಕೂ ತೆರಪು ಬಿಟ್ಟು ಕೆತ್ತುವುದು ಅಂದಿನ ರೂಢಿಯಲ್ಲ. ಎಲ್ಲಿ ಕತ್ತರಿಸಬೇಕೆಂಬುದು ಓದುವವನ ಹೊಣೆ. ‘ಸಹಸಾಗತಃ’ ಎಂಬುದನ್ನು ‘ಸಹಸಾ ಗತಃ’ ಎಂದು ಬಿಡಿಸಿದರೆ ಥಟ್ಟನೆ ಹೋದನು. ‘ಸಹಸಾ ಆಗತಃ’ ಎಂದು ಬಿಡಿಸಿದರೆ ಥಟ್ಟನೆ ಬಂದನು. ಅಕ್ಷರಗಳು ಅವೇ, ಹೋಗುವುದಕ್ಕೂ ಬರುವುದಕ್ಕೂ ಇರುವ ಅಂತರ ಓದಿನಲ್ಲಿದೆ. ಹಿಂದುಮುಂದಿನ ಸಂದರ್ಭ ದೊರೆಯುವವರೆಗೆ ಕಾದು ಆಮೇಲೆ ಪದಚ್ಛೇದ ಮಾಡಬೇಕೆಂದು ಹೇಳಿಕೊಟ್ಟವನೇ ಕಾಯದೆ ಕತ್ತರಿಸಿದೆನು. ಮೊದಲು ಬೈಟುಗಳನ್ನು, ಬಳಿಕ ಒಬ್ಬ ಸಾಧುವಾದ ಹುಡುಗನ ಮನಸ್ಸನ್ನು.

ಕ್ರಮವಿಧಿಯನ್ನು ತಿದ್ದಿ ಪದಸೂಚಿಯನ್ನು ಮತ್ತೊಮ್ಮೆ ಮಾಡಿದಾಗ ಒಂದು ಕರಿಯ ಗುರುತೂ ಉಳಿಯಲಿಲ್ಲ. ಅದನ್ನು ಮುದ್ರಿಸಿಕೊಂಡು, ದೂರವಾಣಿಯಲ್ಲಿ ಆಡಿದ ತಪ್ಪನ್ನು ದೂರವಾಣಿಯಲ್ಲಿಯೇ ಮುಗಿಸಬಾರದೆಂದು, ಬಸ್ಸು ಹತ್ತಿ ಸೊರಬಕ್ಕೆ ಹೋದೆನು. ಆತನು ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇದ್ದನು. ಅವರ ಎದುರಿಗೇ, “ನಿನ್ನ ಬರೆಹದಲ್ಲಿ ತಪ್ಪಿಲ್ಲಪ್ಪಾ, ನನ್ನ ಓದಿನಲ್ಲಿತ್ತು” ಎಂದೆನು. ಆತನು ಕಾಗದಗಳನ್ನು ತೆಗೆದುಕೊಂಡು ‘ತ’ಕಾರದ ಪುಟವನ್ನು ತಿರುವಿ, ‘ತವರು’ ಎಂಬುದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಈ ಪದ ಬಂದಾಗಲೆಲ್ಲ ಅತ್ತೆ ಒಂದು ಗಳಿಗೆ ನಿಲ್ಲಿಸುತ್ತಿದ್ದರು, ಮಾವ” ಎಂದನು. ಅದನ್ನು ನಾನು ಅರಿಯದೆ ಹೋಗಿದ್ದೆ. ಕಡತದಲ್ಲಿ ಅದಕ್ಕೆ ಯಾವ ಬೈಟೂ ಇಲ್ಲ.

ಆ ಮಧ್ಯಾಹ್ನ ಅವರ ಮನೆಯಲ್ಲಿಯೇ ಊಟ ಮಾಡಿ ಸಂಜೆಯ ಬಸ್ಸಿಗೆ ಹಿಂದಿರುಗಿದೆನು. ಕಡತದ ಮೂರು ಪ್ರತಿಗಳನ್ನು ಈಗ ಮೂರು ಊರುಗಳಲ್ಲಿ ಇಟ್ಟಿದ್ದೇವೆ: ಒಂದು ಶಿಕಾರಿಪುರದಲ್ಲಿ, ಒಂದು ಸೊರಬದಲ್ಲಿ, ಒಂದು ಮಗಳ ಬಳಿ ಬೆಂಗಳೂರಿನಲ್ಲಿ. ಗೃಹಸ್ಥರಾದ ವಾಚಕರಿಗೆ ನನ್ನ ವಿಜ್ಞಾಪನೆ ಇಷ್ಟೇ: ಮನೆಯ ಹಿರಿಯರ ಬರೆಹಗಳಿದ್ದರೆ ಗೆದ್ದಲಿಗೆ ಮುಂಚೆ ಪ್ರತಿ ಮಾಡಿಸಿರಿ. ಮತ್ತು, ಯಾರ ಮಾತಾದರೂ ಒಡೆದಂತೆ ಕಂಡಾಗ, ಆಡಿದವರನ್ನು ದೂರುವ ಮೊದಲು ನಾವು ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡೆವೇ ಎಂದು ನೋಡಿಕೊಳ್ಳಿರಿ.